ಅಗಾದಿರ್‌ನಿಂದ ಒಂದು ದಿನ: ಮರಾಕೆಶ್‌ಗೋ, ತಾರೂದಾಂತ್‌ಗೋ?

1960ರ ಭೂಕಂಪ ಮೊರಾಕ್ಕೊದ ಕಡಲತೀರದ ನಗರ ಅಗಾದಿರ್‌ನ ಹಳೆಯ ಊರನ್ನು ನೆಲಸಮ ಮಾಡಿತು. ಹಾಗಾಗಿ ಅಲ್ಲಿನ ಕಡಲತೀರದ ಹೋಟೆಲಿನಲ್ಲಿ ತಂಗಿದವರು ಹಳೆಯ ಮೊರಾಕ್ಕೊವನ್ನು ಕಾಣಬೇಕಾದರೆ ಒಳನಾಡಿಗೇ ಹೋಗಬೇಕು.

ಮರಾಕೆಶ್ ಸುಮಾರು 250 ಕಿ.ಮೀ. ದೂರ. ಹೆದ್ದಾರಿ ಚೆನ್ನಾಗಿದ್ದರೂ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ ಬೇಕು. ಆ ದಣಿವಿಗೆ ತಕ್ಕ ಫಲವೂ ಉಂಟು: 77 ಮೀಟರ್ ಎತ್ತರದ ಕುತುಬಿಯಾ ಮಸೀದಿಯ ಮಿನಾರು, ಹಿಂದೆ ಮೊರಾಕ್ಕೊವನ್ನು ಆಳಿದ ಸಾದಿ ವಂಶದ ಸುಲ್ತಾನರ ಗೋರಿಗಳು, ಬಾಹಿಯಾ ಅರಮನೆ. ನನಗೆ ಬೇಸರ ತರುವುದು ಬೇರೆಯೇ. ಜಮಾ ಎಲ್ ಫ್ನಾ ಚೌಕಕ್ಕೆ ಕಳೆ ಬರುವುದು ಸಂಜೆಯ ಮೇಲೆ. ಸಾಲು ಒಲೆಗಳಿಂದ ಮಾಂಸ ಸುಡುವ ಹೊಗೆ ಎದ್ದು ಜನ ಗುಂಪುಗೂಡುವ ಹೊತ್ತಿಗೆ ಒಂದು ದಿನದ ಪ್ರವಾಸಿಗರು ಬಸ್ಸು ಹತ್ತಲೇಬೇಕಾಗುತ್ತದೆ.

ತಾರೂದಾಂತ್ ಸುಮಾರು 80 ಕಿ.ಮೀ. ದೂರ, ಒಂದೂವರೆ ಗಂಟೆಯ ದಾರಿ. ಮರಾಕೆಶ್‌ಗೆ ಹೋಗುವ ಮೊದಲು ಸಾದಿಗಳು ಆಳಿದ್ದು ಇಲ್ಲಿಂದಲೇ. ದೊಡ್ಡ ಅರಮನೆ ಹುಡುಕಬೇಡಿ. ಇಲ್ಲಿ ನೋಡಬೇಕಾದದ್ದು ಕೋಟೆ. ಊರನ್ನು ಸುತ್ತುವರಿದ ಕೆಮ್ಮಣ್ಣಿನ ಗೋಡೆಯ ಹತ್ತಿರ ನಿಂತರೆ ಸಾಲು ತೂತುಗಳು ಕಾಣುತ್ತವೆ. ಮಣ್ಣು ಬಡಿದು ಕಟ್ಟುವಾಗ ಮರದ ತೊಲೆ ತೂರಿಸಿದ ಗುರುತು ಅವು. ಕುದುರೆಗಾಡಿಯಲ್ಲಿ ಕೋಟೆಯನ್ನು ಒಂದು ಸುತ್ತು ಹಾಕಬಹುದು.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕಣ್ಣುಮುಚ್ಚಿ ತಾರೂದಾಂತ್ ಆರಿಸಿಕೊಳ್ಳಿ. ಮರಾಕೆಶ್ ನೋಡಲೇಬೇಕೆಂಬ ಹಂಬಲವಿದ್ದರೆ ಅಲ್ಲಿ ಒಂದು ರಾತ್ರಿ ಉಳಿದು, ಚೌಕದಲ್ಲೇ ಊಟ ಮಾಡಿ, ಮರುದಿನ ಮರಳಿ.