ಫೋನೇ ಮೋಡೆಮ್: ತಂತಿಯೋ, ಹಾಟ್‌ಸ್ಪಾಟೋ, ಪಾಕೆಟ್ ರೂಟರೋ?

ನನ್ನ ಓಟು ತಂತಿಗೆ. ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಇಂಟರ್ನೆಟ್ ಪಡೆಯುವ ಪದ್ಧತಿಯನ್ನು ಈಗ ಯಾರೂ ಹೊಗಳುವುದಿಲ್ಲ. ಹಾಟ್‌ಸ್ಪಾಟ್ ಒತ್ತಿದರೆ ಆಯಿತಲ್ಲ, ಈ ಕಾಲದಲ್ಲಿ ತಂತಿ ಯಾಕೆ ಎಂದು ನಗುತ್ತಾರೆ. ನಗಲಿ. ಹಾಟ್‌ಸ್ಪಾಟ್, ಬ್ಲೂಟೂತ್, ದುಡ್ಡು ಕೊಟ್ಟು ತಂದ ಪಾಕೆಟ್ ರೂಟರ್ (ಸಿಮ್ ಹಾಕಿದರೆ ವೈಫೈ ಹಂಚುವ ಪುಟ್ಟ ಪೆಟ್ಟಿಗೆ) ಎಲ್ಲವನ್ನೂ ನನ್ನದೇ ಮೇಜಿನ ಮೇಲೆ ಓಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ನನ್ನ ಕೆಲಸದ ಸ್ವರೂಪ ತಿಳಿಯದಿದ್ದರೆ ಈ ಆಯ್ಕೆ ವಿಚಿತ್ರವಾಗಿ ಕಾಣಬಹುದು. ಹನುಮಂತನಗರದ ಮನೆಯಲ್ಲೇ ಕೂತು ಸಣ್ಣ ಅಂಗಡಿಯವರ, ಗುತ್ತಿಗೆದಾರರ ಜಿಎಸ್‌ಟಿ ಲೆಕ್ಕ ಸಲ್ಲಿಸುವವನು ನಾನು. ರಿಟರ್ನ್ ಸಲ್ಲಿಕೆಗೆ ಕೊನೆಯ ದಿನಗಳಾದ ತಿಂಗಳ 11 ಮತ್ತು 20ನೇ ತಾರೀಖು ನಮಗೆ ಪರೀಕ್ಷೆಯ ದಿನಗಳು. ರಿಟರ್ನ್ ಸಲ್ಲಿಸುವಾಗ ಒಟಿಪಿ ಹೋಗುವುದು ಗ್ರಾಹಕರ ಫೋನಿಗೆ. ಅಂಗಡಿಯಲ್ಲಿ ವ್ಯಾಪಾರದ ಗದ್ದಲದ ನಡುವೆ ಅವರು ಆರು ಅಂಕಿ ಓದಿ ಹೇಳಿದ ಮರುಕ್ಷಣ ನನ್ನ ಸಂಪರ್ಕ ತುಂಡಾದರೆ, "ಇನ್ನೊಮ್ಮೆ ಕಳಿಸುತ್ತೇನೆ, ಸ್ವಲ್ಪ ನೋಡಿ ಹೇಳಿ ಸಾರ್" ಎಂದು ಗೋಗರೆಯಬೇಕು. ಹಾಗಾಗಿ ವೇಗ ನನಗೆ ಮುಖ್ಯವಲ್ಲ. ಸೆಕೆಂಡಿಗೆ 5 ಮೆಗಾಬಿಟ್ ಬಂದರೂ ಸಾಕು, ನಡುವೆ ಕೈಕೊಡಬಾರದು. ಕೆಳಗಿನ ತೀರ್ಪೆಲ್ಲ ಈ ಒಂದು ಗೂಟಕ್ಕೆ ಕಟ್ಟಿದ್ದು.

ಮನೆಗೆ ಫೈಬರ್ ಇಲ್ಲವೇ ಎಂದು ಕೇಳುತ್ತೀರಿ. ಇದೆ. ನಮ್ಮ ಬೀದಿಯಲ್ಲಿ ಅದು ವಿದ್ಯುತ್ ಕಂಬದಿಂದ ಹೊರಟು ಮರದ ಕೊಂಬೆಯ ಮೇಲೆ ಹಾದು ಎದುರು ಮನೆಯ ಸಜ್ಜಾಕ್ಕೆ ಒರಗಿಕೊಂಡು ಬರುತ್ತದೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಒಂದು ಕೊಂಬೆ ಬಿದ್ದರೆ ಮುಗಿಯಿತು. ಮಳೆ ಇಲ್ಲದಿದ್ದರೆ ರಸ್ತೆ ಅಗೆಯುವವರು ಬರುತ್ತಾರೆ. ರೂಟರಿಗೆ ಪುಟ್ಟ ಯುಪಿಎಸ್ ಇಟ್ಟರೂ ಪೂರ್ತಿ ಉಪಾಯವಿಲ್ಲ. ಮನೆಯ ರೂಟರಿನಲ್ಲಿ ದೀಪ ಉರಿಯುತ್ತಿರುತ್ತದೆ, ಮೂಲೆಯ ಕಟ್ಟಡದಲ್ಲಿರುವ ಕೇಬಲ್‌ನವರ ಪೆಟ್ಟಿಗೆಗೆ ಕರೆಂಟ್ ಇರುವುದಿಲ್ಲ. ಆಗ ಫೋನೇ ಗತಿ.

ಎಲ್ಲರೂ ಮೊದಲು ಒತ್ತುವುದು ಹಾಟ್‌ಸ್ಪಾಟ್ ಗುಂಡಿಯನ್ನು. ಆಂಡ್ರಾಯ್ಡಿಗೆ ಈ ಸೌಲಭ್ಯ 2010ರಲ್ಲಿ ಬಂದ 2.2 ಆವೃತ್ತಿಯಿಂದಲೇ ಇದೆ. ಅದಕ್ಕೂ ಮೊದಲು ಫೋನನ್ನು ತಂತಿಯಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ, *99# ಎಂಬ ಸಂಖ್ಯೆಗೆ ಡಯಲ್ ಮಾಡಿ, ಜಿಪಿಆರ್‌ಎಸ್ ಎಂಬ ಆಮೆವೇಗದ ಮೊಬೈಲ್ ಇಂಟರ್ನೆಟ್ ಮೂಲಕ ಒಂದು ಮಿಂಚಂಚೆ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಬರುತ್ತಿದ್ದ ಕಾಲ ಇತ್ತು. ಆ ಲೆಕ್ಕದಲ್ಲಿ ಹಾಟ್‌ಸ್ಪಾಟ್ ದೊಡ್ಡ ವರವೇ. ಕೆಫೆಯಲ್ಲಿ, ರೈಲಿನಲ್ಲಿ, ಗ್ರಾಹಕರ ಅಂಗಡಿಯಲ್ಲಿ ಈಗಲೂ ಅದನ್ನೇ ಬಳಸುತ್ತೇನೆ.

ಮೇಜಿನ ಮುಂದೆ ಮಾತ್ರ ಅದು ಸೋಲುತ್ತದೆ. ಮೊದಲ ಕಾರಣ ನೆರೆಹೊರೆ. ಅಂಟಿಕೊಂಡ ಮನೆಗಳ ಬೀದಿಯಲ್ಲಿ ವೈಫೈ ಪಟ್ಟಿ ತೆರೆದರೆ ಹೆಸರುಗಳು ಪರದೆಯ ಕೆಳಗೆ ಹರಿದು ಹೋಗುತ್ತವೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇರುವುದೇ ಮೂರು: 1, 6 ಮತ್ತು 11. ಇಡೀ ಬೀದಿಯ ರೂಟರುಗಳು ಆ ಮೂರರಲ್ಲೇ ಗುದ್ದಾಡುತ್ತವೆ, ಫೋನೂ ಹೋಗಿ ಆ ಜಾತ್ರೆಗೆ ಸೇರಿಕೊಳ್ಳುತ್ತದೆ. ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಉಸಿರಾಡಬಹುದು, ಆದರೆ ನನ್ನ ಹಳೆಯ ಲ್ಯಾಪ್‌ಟಾಪಿಗೆ ಆ ತರಂಗಪಟ್ಟಿ ಕಣ್ಣಿಗೇ ಬೀಳುವುದಿಲ್ಲ. ಎರಡನೆಯದು ಬಿಸಿ. ಒಂದು ಕಡೆ 5ಜಿ, ಇನ್ನೊಂದು ಕಡೆ ವೈಫೈ ಪ್ರಸಾರ, ಜೊತೆಗೆ ಚಾರ್ಜರ್. ಮೂರೂ ಸೇರಿದರೆ ಫೋನನ್ನು ಅಂಗೈಯಲ್ಲಿ ಹಿಡಿಯಲಾಗುವುದಿಲ್ಲ. ಬಿಸಿಯಾದ ಫೋನ್ ತಾನೇ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಇನ್ನು, ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಎದ್ದರೆ ಯಾರೂ ಬಳಸುತ್ತಿಲ್ಲವೆಂದು ಹಾಟ್‌ಸ್ಪಾಟ್ ತಾನಾಗಿಯೇ ಮಲಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತಪ್ಪಿಸಬಹುದು, ತಪ್ಪಿಸಿದರೆ ಬ್ಯಾಟರಿ ಇರುವುದಿಲ್ಲ.

ಬ್ಲೂಟೂತ್: ಕಾಗದದ ಮೇಲೆ ಸೆಕೆಂಡಿಗೆ 3 ಮೆಗಾಬಿಟ್, ಕೈಗೆ ಸಿಗುವುದು ಎರಡರ ಆಸುಪಾಸು. ಬ್ಯಾಟರಿ ಉಳಿಯುತ್ತದೆ, ತಾಳ್ಮೆ ಉಳಿಯುವುದಿಲ್ಲ.

ಪಾಕೆಟ್ ರೂಟರ್ ತಂದದ್ದು ಒಂದು ನಿಜವಾದ ತೊಂದರೆಯ ಕಾರಣಕ್ಕೆ. ನನ್ನ ಫೋನಿನಲ್ಲಿ ಎರಡು ಸಿಮ್ ಇವೆ. ಒಂದರಲ್ಲಿ ಡೇಟಾ, ಇನ್ನೊಂದು ಎಲ್ಲರ ಬಳಿಯೂ ಇರುವ ಹಳೆಯ ನಂಬರು. ಸಾಮಾನ್ಯ ಎರಡು ಸಿಮ್‌ಗಳ ಫೋನಿನಲ್ಲಿ ಒಂದರಲ್ಲಿ ಮಾತನಾಡುವಾಗ ಇನ್ನೊಂದರ ಡೇಟಾ ನಿಂತುಹೋಗುತ್ತದೆ. ಅದೇ ಸಿಮ್ಮಿಗೆ ಕರೆ ಬಂದರೆ ವೋಲ್ಟಿ (4ಜಿ ಡೇಟಾದ ಮೇಲೆಯೇ ಕರೆ ಸಾಗಿಸುವ ವ್ಯವಸ್ಥೆ) ಇರುವುದರಿಂದ ತೊಂದರೆಯಿಲ್ಲ, ಎರಡನೆಯದಕ್ಕೆ ಬಂದರೆ ಇಂಟರ್ನೆಟ್ ನಿಂತ ಹಾಗೆ. ತಿಪಟೂರಿನಿಂದ ಅಮ್ಮ ಫೋನ್ ಮಾಡಿ ಊಟ ಆಯಿತಾ ಎಂದು ಕೇಳುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ. ಕೆಲವು ಹೊಸ ಫೋನ್‌ಗಳಲ್ಲಿ ಕರೆಯ ಹೊತ್ತಿಗೆ ಡೇಟಾವನ್ನು ಇನ್ನೊಂದು ಸಿಮ್ಮಿಗೆ ದಾಟಿಸುವ ಆಯ್ಕೆ ಇದೆ, ಆದರೆ ಅದಕ್ಕೆ ಎರಡರಲ್ಲೂ ಡೇಟಾ ರೀಚಾರ್ಜ್ ಇರಬೇಕು.

ಪ್ರತ್ಯೇಕ ಯಂತ್ರವಿದ್ದರೆ ಈ ಜಗಳವೇ ಇಲ್ಲವೆಂದು ರೂಟರ್ ತಂದೆ. ಕರೆಯ ಜಗಳ ನಿಂತಿತು, ಬೇರೆ ಶುರುವಾದವು. ಅದು ಒಂದೇ ಕಂಪನಿಯ ಸಿಮ್ಮಿಗೆ ಬೀಗ ಹಾಕಿಸಿಕೊಂಡು ಬಂದಿತ್ತು, ಇನ್ನೊಂದನ್ನು ಹಾಕಿದರೆ ಒಪ್ಪುವುದಿಲ್ಲ. 4ಜಿ ಮಾತ್ರ. ಸಿಗ್ನಲ್ ಎಷ್ಟಿದೆ ಎಂದು ತಿಳಿಯಲು ಇರುವುದು ಬಣ್ಣ ಬದಲಿಸುವ ಒಂದು ಪುಟ್ಟ ದೀಪ. ಡೇಟಾ ಮುಗಿಯುತ್ತಿದೆ, ರೀಚಾರ್ಜ್ ಅವಧಿ ತೀರಿತು ಎಂಬ ಸಂದೇಶಗಳೆಲ್ಲ ಆ ಪೆಟ್ಟಿಗೆಯೊಳಗಿನ ಸಿಮ್ಮಿಗೆ ಬಂದು ಬೀಳುತ್ತವೆ. ಅವನ್ನು ಓದಬೇಕಾದರೆ ಬ್ರೌಸರಿನಲ್ಲಿ ಅದರ ವಿಳಾಸ ಹೊಡೆದು, ಪಾಸ್‌ವರ್ಡ್ ಕೊಟ್ಟು, ಮೂಲೆಯ ಪುಟವೊಂದಕ್ಕೆ ಹೋಗಬೇಕು. ಮತ್ತು ಎಷ್ಟೆಂದರೂ ಅದು ವೈಫೈಯೇ, ಬೀದಿಯ ಜಾತ್ರೆಗೆ ಅದೂ ಹೋಗಿ ಸೇರುತ್ತದೆ.

ಈಗ ತಂತಿಗೆ ಬರೋಣ. ಅದರ ದೊಡ್ಡ ಕಿರಿಕಿರಿಯನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಬಹಳ ಜನ ಇಲ್ಲೇ ಕೈಚೆಲ್ಲಿ ಹಾಟ್‌ಸ್ಪಾಟಿಗೆ ಮರಳುತ್ತಾರೆ. ಕೇಬಲ್ ಸಿಕ್ಕಿಸುತ್ತೀರಿ, ಫೋನ್ ಚಾರ್ಜ್ ಆಗುತ್ತಿದೆ ಎಂದು ತೋರಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋದರೆ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ತಂತಿಯಲ್ಲಿ ಹಂಚುವುದು) ಎಂಬ ಸಾಲು ಮಂಕು ಬಣ್ಣಕ್ಕೆ ತಿರುಗಿ ಕೂತಿರುತ್ತದೆ. ಎಷ್ಟು ಒತ್ತಿದರೂ ಅಲ್ಲಾಡುವುದಿಲ್ಲ. ಫೋನ್ ಕೆಟ್ಟಿದೆ, ಇಲ್ಲವೇ ಕಂಪನಿಯವರು ಸೌಲಭ್ಯ ಕಿತ್ತಿದ್ದಾರೆ ಎಂದು ಅನ್ನಿಸುವುದು ಸಹಜ.

ಬಹುತೇಕ ಸಲ ಕಾರಣ ಕೇಬಲ್. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ಕರೆಂಟಿಗೆ ಎರಡು ತಂತಿ, ಮಾಹಿತಿಗೆ ಎರಡು ತಂತಿ ಇರಬೇಕು. ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಮಾಹಿತಿಯ ಜೋಡಿಯನ್ನು ಹಾಕಿರುವುದೇ ಇಲ್ಲ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯದು. ಪೊಟ್ಟಣದ ಮೇಲೆ ಬರೆದಿದ್ದರೂ ಅಕ್ಷರ ಇರುವೆ ಗಾತ್ರದ್ದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಕೇಬಲ್ ಕೇಳಿದರೆ ಅಂಗಡಿಯವರು ರಾಶಿಯಿಂದ ಒಂದನ್ನು ಎಳೆದು ಮುಂದಿಡುತ್ತಾರೆ. "ಡೇಟಾ ಬರುತ್ತದೆಯೇ?" ಎಂದು ಬಾಯಿ ಬಿಟ್ಟು ಕೇಳಿದರೆ ಮಾತ್ರ, "ಓ, ಡೇಟಾ ಬೇಕಾ ಸಾರ್, ಹಾಗಾದರೆ ಇದಲ್ಲ" ಎಂದು ಆ ರಾಶಿಯನ್ನು ಬಿಟ್ಟು ಒಳಗಿನ ಪೆಟ್ಟಿಗೆಗೆ ಕೈ ಹಾಕುತ್ತಾರೆ. ಲ್ಯಾಪ್‌ಟಾಪ್ ಒಯ್ದಿದ್ದರೆ ಅಲ್ಲೇ ಪರೀಕ್ಷಿಸಿ. ಸಿಕ್ಕಿಸಿದಾಗ ಫೋನಿನ ಮೇಲೆ ಕಡತ ವರ್ಗಾವಣೆಯ ಆಯ್ಕೆ ಬಂದರೆ ಕೇಬಲ್ ಸರಿ. ಬರೀ ಚಾರ್ಜಿಂಗ್ ಎಂದು ಸುಮ್ಮನಾದರೆ ಬೇಡ.

ಸರಿಯಾದ ಕೇಬಲ್ ಬಂದ ಮೇಲೂ ಸಂಪರ್ಕ ಬಿಟ್ಟು ಬಿಟ್ಟು ಬರುತ್ತಿದ್ದರೆ ಫೋನಿನ ರಂಧ್ರ ನೋಡಿ. ಟಾರ್ಚ್ ಹಿಡಿದು ಟೈಪ್‌-ಸಿ ರಂಧ್ರದ ತಳ ಕಂಡಾಗ ನನಗೆ ನಗು ಬಂತು. ಪ್ಯಾಂಟಿನ ಜೇಬಿನ ಹತ್ತಿಯ ನಾರು, ಧೂಳು ಎಲ್ಲ ಸೇರಿ ಅದುಮಿ ಅದುಮಿ ಬೂದು ಬಣ್ಣದ ಗಟ್ಟಿ ಪದರವಾಗಿತ್ತು. ಕೇಬಲ್ ಪೂರ್ತಿ ಒಳಗೆ ಹೋಗದೆ ತುದಿಯಲ್ಲೇ ತೂಗಾಡುತ್ತಿತ್ತು. ಫೋನ್ ಆರಿಸಿ ಮರದ ಹಲ್ಲುಕಡ್ಡಿಯಲ್ಲಿ ನಿಧಾನವಾಗಿ ಕೆರೆದರೆ ಅದು ಚೂರಾಗದೆ ಇಡಿಯಾಗಿ ಎದ್ದು ಬಂತು. ಆ ಮೇಲೆ ಸಿಕ್ಕಿಸಿದಾಗ 'ಟಕ್' ಎಂಬ ಸದ್ದು ಕೇಳಿಸಿತು, ಬಹಳ ಕಾಲದ ನಂತರ. ಪಿನ್ನು, ಸೂಜಿ ಹಾಕಬೇಡಿ. ಒಳಗಿನ ನಾಲಗೆ ಮುರಿದರೆ ಫೋನೇ ಹೋಯಿತು.

ಮೂರನೆಯ ಹಂತದ ಕಾಟ: ಕೇಬಲ್ ಒಮ್ಮೆ ಕಿತ್ತು ಹಾಕಿದರೆ ಟೆದರಿಂಗ್ ಮತ್ತೆ ಆರಿರುತ್ತದೆ, ಪ್ರತಿ ಸಲ ಹೋಗಿ ಒತ್ತಬೇಕು. ಇದಕ್ಕೆ ಮದ್ದಿದೆ. ಫೋನಿನ ವಿವರಗಳ ಪುಟದಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಬೆರಳು ಕುಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅದರಲ್ಲಿ ಯುಎಸ್‌ಬಿ ಸಿಕ್ಕಿಸಿದ ತಕ್ಷಣ ಏನಾಗಬೇಕು ಎಂಬ ಕಡೆ ಟೆದರಿಂಗ್ ಆರಿಸಿಟ್ಟರೆ, ಆಮೇಲೆ ಫೋನ್ ಅನ್‌ಲಾಕ್ ಇದ್ದಾಗ ಕೇಬಲ್ ತಾಗಿಸಿದರೆ ಸಾಕು. ಈ ಒಂದು ಸಾಲು ಯಾಕೆ ಸಾಮಾನ್ಯ ಸೆಟ್ಟಿಂಗ್ಸ್‌ನಲ್ಲಿ ಇಲ್ಲವೋ ದೇವರೇ ಬಲ್ಲ.

ಇಷ್ಟು ದಾಟಿದ ಮೇಲೆ ತಂತಿ ಬಿಟ್ಟು ಇನ್ನೊಂದರ ಯೋಚನೆ ಬರುವುದಿಲ್ಲ. ಬೀದಿಯ ವೈಫೈಗಳಿಗೂ ಅದಕ್ಕೂ ಸಂಬಂಧವಿಲ್ಲ. ಲ್ಯಾಪ್‌ಟಾಪಿನ ಮಟ್ಟಿಗೆ ಅದು ಈಥರ್ನೆಟ್, ಅಂದರೆ ರೂಟರಿನಿಂದ ನೇರ ತಂತಿ ಎಳೆದ ಸಂಪರ್ಕ, ಇದ್ದ ಹಾಗೆ. ಪಾಸ್‌ವರ್ಡ್ ಇಲ್ಲ, ಹುಡುಕಾಟ ಇಲ್ಲ. ವೈಫೈ ಇಲ್ಲದ ಹಳೆಯ ಡೆಸ್ಕ್‌ಟಾಪಿಗೂ ನಡೆಯುತ್ತದೆ.

ನನ್ನ ಈಗಿನ ಏರ್ಪಾಡು ಹೀಗಿದೆ. ಪರದೆ ಬಿರುಕು ಬಿಟ್ಟು ಮೂಲೆ ಸೇರಿದ್ದ ಹಳೆಯ 4ಜಿ ಫೋನಿಗೆ ಡೇಟಾ ಸಿಮ್ ಹಾಕಿದ್ದೇನೆ, ಕರೆಯ ಜಗಳ ಅಲ್ಲಿಗೆ ಮುಗಿಯಿತು. ಮೂರು ಮೀಟರ್ ಉದ್ದದ ಕೇಬಲ್ ತಂದೆ, ಮುನ್ನೂರು ರೂಪಾಯಿಯೊಳಗೆ. ಯುಎಸ್‌ಬಿ 2.0ರಲ್ಲಿ ಐದು ಮೀಟರಿನವರೆಗೆ ಎಳೆಯಬಹುದು. ಫೋನ್ ಕಿಟಕಿಯ ಸರಳಿನ ಪಕ್ಕ ಕೂತಿರುತ್ತದೆ, ನಾನು ಒಳಗೆ ಮೇಜಿನ ಮುಂದೆ. ನಮ್ಮದು ದಪ್ಪ ಗೋಡೆಯ ಹಳೆಯ ಮನೆ. ಮೇಜಿನ ಬಳಿ ಒಂದು ಕಡ್ಡಿ ಸಿಗ್ನಲ್ ಇದ್ದರೆ ಕಿಟಕಿಯಲ್ಲಿ ಮೂರು. ತಂತಿ ಗೆದ್ದದ್ದು ಅರ್ಧ ಈ ಕಾರಣಕ್ಕೇ: ಫೋನನ್ನು ಸಿಗ್ನಲ್ ಇರುವ ಕಡೆ ಕೂರಿಸಿ ಇಂಟರ್ನೆಟ್ಟನ್ನು ನಾನಿರುವ ಕಡೆಗೆ ಎಳೆದುಕೊಳ್ಳಬಹುದು.

ಎರಡು ಎಚ್ಚರಿಕೆ. ಕರೆಂಟ್ ಇಲ್ಲದಾಗ ಫೋನ್ ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ಹೀರುತ್ತದೆ, ನನ್ನದರಲ್ಲಿ ಅದು ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸ. ಹಾಗೆಯೇ ಸದಾ ಚಾರ್ಜಿಗೆ ಅಂಟಿಕೊಂಡ ಹಳೆಯ ಫೋನಿನ ಬ್ಯಾಟರಿ ಊದಿಕೊಳ್ಳಬಹುದು. ಬಿಸಿಲು ಬೀಳುವ ಕಿಟಕಿ ಬೇಡ, ಕೆಲಸ ಮುಗಿದ ಮೇಲೆ ಕೇಬಲ್ ಕಿತ್ತಿಡಿ, ಬೆನ್ನು ಉಬ್ಬಿದಂತೆ ಕಂಡರೆ ಅದೇ ದಿನ ಕೈಬಿಡಿ.

ಡೇಟಾ ಲೆಕ್ಕದಲ್ಲಿ ಮಾತ್ರ ತಂತಿ ದುಬಾರಿಯಾಗಬಲ್ಲದು. ಅದನ್ನು ಈಥರ್ನೆಟ್ ಎಂದು ಭಾವಿಸುವ ವಿಂಡೋಸ್, ಮಿತಿ ಇಲ್ಲದ ಸಂಪರ್ಕ ಸಿಕ್ಕಿತೆಂದು ತನ್ನ ಅಪ್‌ಡೇಟ್‌ಗಳನ್ನೆಲ್ಲ ಇಳಿಸಿಕೊಳ್ಳಲು ಕೂರುತ್ತದೆ. ದಿನಕ್ಕೆ 2 ಜಿಬಿ ಪ್ಲಾನ್ ಇದ್ದವರಿಗೆ ಮಧ್ಯಾಹ್ನದೊಳಗೆ ಆ ಪಾಲು ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದರೆ, ಜಿಎಸ್‌ಟಿ ಪೋರ್ಟಲ್ ತೆರೆಯುವುದನ್ನು ಮರೆತು ಮಧ್ಯರಾತ್ರಿ ಕಾಯಬೇಕು. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮೀಟರ್ಡ್ (ಡೇಟಾಗೆ ಮಿತಿ ಇರುವ) ಸಂಪರ್ಕ ಎಂದು ಗುರುತು ಹಾಕಿಡುವುದು ಮೊದಲ ದಿನವೇ ಆಗಬೇಕಾದ ಕೆಲಸ. 5ಜಿ ಫೋನನ್ನೇ ಸಿಕ್ಕಿಸುವವರಿಗೆ ಈ ಚಿಂತೆ ಕಡಿಮೆ. ಏರ್‌ಟೆಲ್ 2022ರ ಅಕ್ಟೋಬರಿನಲ್ಲಿ 5ಜಿ ಆರಂಭಿಸಿದ ಮೊದಲ ಎಂಟು ನಗರಗಳಲ್ಲಿ ಬೆಂಗಳೂರೂ ಇತ್ತು, ಹಾಗಾಗಿ ಇಲ್ಲಿ ಅದು ಹಳೆಯ ಸಂಗತಿ. ಆದರೆ 2024ರ ಜುಲೈನ ದರ ಏರಿಕೆಯ ನಂತರ ಜಿಯೊ, ಏರ್‌ಟೆಲ್ ಎರಡೂ ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಲಾನ್‌ಗಳಿಗೆ ಕಟ್ಟಿಹಾಕಿದವು, ಮತ್ತು ಫೋನ್ 4ಜಿಗೆ ಜಾರಿದ ಕ್ಷಣದಿಂದ ಆ ದಿನದ ಪಾಲು ಕರಗತೊಡಗುತ್ತದೆ. ಮನೆಯೊಳಗೆ 5ಜಿ ಜಾರುವುದೇ ಹೆಚ್ಚು.

ಮನೆಯಲ್ಲಿ ಮೂರ್ನಾಲ್ಕು ಜನ ಒಟ್ಟಿಗೆ ಬಳಸುವುದಾದರೆ, ಕೂತಲ್ಲಿ ಕೂರದೆ ಲ್ಯಾಪ್‌ಟಾಪ್ ಹಿಡಿದು ಓಡಾಡುವವರಾದರೆ ನನ್ನ ಮಾತು ಕೇಳಬೇಡಿ, ಹಾಟ್‌ಸ್ಪಾಟೇ ಸಾಕು. ಮ್ಯಾಕ್ ಇರುವವರೂ ಕೇಬಲ್ ಕೊಳ್ಳುವ ಮುನ್ನ ಸ್ವಲ್ಪ ತಡೆಯಿರಿ. ಐಫೋನ್ ಆದರೆ ತಂತಿ ಹಾಕಿದ ಕೂಡಲೇ ಕೆಲಸ ಮಾಡುತ್ತದೆ, ಹಳೆಯ ಆಂಡ್ರಾಯ್ಡ್ ಫೋನ್‌ಗಳು ಬಳಸುವ ಸಂಪರ್ಕದ ಬಗೆಯನ್ನು ಮ್ಯಾಕ್ ತಾನಾಗಿ ಗುರುತಿಸುವುದಿಲ್ಲ. ವಿಂಡೋಸಿಗೆ ಐಫೋನ್ ಸಿಕ್ಕಿಸುವವರು ಫೋನನ್ನು ಗುರುತಿಸುವ ತಂತ್ರಾಂಶವಾದ ಆಪಲ್‌ನ ಡ್ರೈವರ್ ಮೊದಲೇ ಹಾಕಿಕೊಂಡಿರಬೇಕು, ಮತ್ತು ಅದನ್ನು ಮನೆಯ ಇಂಟರ್ನೆಟ್ ಸರಿ ಇರುವ ದಿನವೇ ಇಳಿಸಿಕೊಳ್ಳಿ.