ಆಲನ್ ವೇಕ್ 2 ಆಡುವ ಮೊದಲು ಹಳೆಯ ಆಲನ್ ವೇಕ್ ಆಡಲೇಬೇಕೇ?

ಆಲನ್ ವೇಕ್ 2 ಎಂಬ ವಿಡಿಯೊ ಗೇಮ್ ಆಡಬೇಕೆಂದಿರುವವರು ಮೊದಲು 2010ರ ಆಲನ್ ವೇಕ್ ಆಡಿ ಮುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹಳೆಯ ಆಟದಲ್ಲಿರುವುದನ್ನೆಲ್ಲ ಆಡಬೇಕಾಗಿಲ್ಲ. ಯಾವುದನ್ನು ಆಡಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ತಿಳಿದುಕೊಂಡು ಆಡಿದರೆ ಹತ್ತು ಹನ್ನೆರಡು ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಮಂಗಳೂರಿನಲ್ಲಿ ಮಳೆ ಹಿಡಿಯಿತೆಂದರೆ ಸಂಜೆಯ ಆಟಪಾಟಗಳೆಲ್ಲ ಮನೆಯೊಳಗೇ ಆಗಬೇಕಾಗುವುದರಿಂದ, ಜೂನ್ ಬಂದಾಗಲೆಲ್ಲ ನನ್ನ ಪರಿಚಯದ ಹುಡುಗರು ಈ ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ಮಣಿಪಾಲದಲ್ಲಿ ಓದುತ್ತಿರುವ ನೆರೆಮನೆಯ ಹುಡುಗನೂ ಮೊನ್ನೆ ಅದನ್ನೇ ಕೇಳಿದ: "ಮೊದಲಿನದ್ದು ಆಡದಿದ್ರೆ ಎರಡನೆಯದ್ದು ಅರ್ಥ ಆಗುದಿಲ್ವಾ ಅಣ್ಣಾ?" ಅರ್ಥವಾಗುತ್ತದೆ. ಆದರೆ ಆ ಆಟ ನಮ್ಮಿಂದ ಬಯಸುವುದು ಅರ್ಥವಾಗುವುದಕ್ಕಿಂತ ಹೆಚ್ಚಿನದನ್ನು, ಆದ್ದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಎರಡೂ ಆಟಗಳನ್ನು ತಯಾರಿಸಿದ್ದು ಫಿನ್ಲೆಂಡಿನ ಎಸ್ಪೂ ನಗರದ ರೆಮಿಡಿ ಎಂಟರ್‌ಟೈನ್‌ಮೆಂಟ್. ಎರಡರ ಕಥೆಯ ಹಿಂದೆಯೂ ಸ್ಯಾಮ್ ಲೇಕ್ ಇದ್ದಾರೆ. ಮೊದಲನೆಯದು 2010ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ, 2012ರಲ್ಲಿ ಪಿಸಿಗೆ ಬಂತು. ಎರಡನೆಯದು ಬಂದದ್ದು 2023ರ ಅಕ್ಟೋಬರ್ 27ರಂದು. ನಡುವಿನ ಹದಿಮೂರು ವರ್ಷಗಳ ಅಂತರ ಕಥೆಯೊಳಗೂ ಹಾಗೆಯೇ ಇದೆ. ಮೊದಲ ಆಟದ ಕೊನೆಯಲ್ಲಿ ಕತ್ತಲ ಲೋಕದಲ್ಲಿ ಸಿಕ್ಕಿಬಿದ್ದ ಲೇಖಕ ಆಲನ್ ಎರಡನೆಯದರ ಹೊತ್ತಿಗೆ ಅಲ್ಲಿ ಹದಿಮೂರು ವರ್ಷ ಕಳೆದಿರುತ್ತಾನೆ, ಬ್ರೈಟ್ ಫಾಲ್ಸ್ ಎಂಬ ಆ ಸಣ್ಣ ಊರಿನ ಜನರಿಗೆ ಅಷ್ಟೇ ವಯಸ್ಸಾಗಿರುತ್ತದೆ. ಇದು ಎರಡನೆಯ ಆಟದ ಪ್ರಚಾರದಲ್ಲಿಯೇ ಹೇಳಿದ ಸಂಗತಿಯಾದ್ದರಿಂದ ಇಲ್ಲಿ ಹೇಳಿದರೆ ಕಥೆಯ ಗುಟ್ಟು ಬಿಟ್ಟುಕೊಟ್ಟಂತಾಗುವುದಿಲ್ಲ.

ಹೊಸದಾಗಿ ಬರುವವರನ್ನು ಎರಡನೆಯ ಆಟ ಕಡೆಗಣಿಸಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಅದರ ಅರ್ಧ ಭಾಗದ ನಾಯಕಿ ಸಾಗಾ ಆ್ಯಂಡರ್ಸನ್ ಎಫ್‌ಬಿಐ ಅಧಿಕಾರಿ. ತನ್ನ ಜೊತೆಗಾರ ಅಲೆಕ್ಸ್ ಕೇಸಿಯೊಂದಿಗೆ ಸರಣಿ ಕೊಲೆಗಳ ತನಿಖೆಗೆಂದು ಬ್ರೈಟ್ ಫಾಲ್ಸ್‌ಗೆ ಬರುವ ಅವಳಿಗೆ ಆಲನ್‌ನ ಹಿಂದಿನ ಕಥೆ ಗೊತ್ತಿಲ್ಲ. ಅವಳು ತಿಳಿದುಕೊಂಡಂತೆ ಆಟಗಾರನಿಗೂ ತಿಳಿಯುತ್ತ ಹೋಗುತ್ತದೆ. ಅವಳ ಮನಸ್ಸಿನೊಳಗಿನ ಕೋಣೆಯೊಂದರಲ್ಲಿ ಗೋಡೆಗೆ ಫೋಟೊ, ಚೀಟಿಗಳನ್ನು ಅಂಟಿಸಿ, ಒಂದಕ್ಕೊಂದು ಸಂಬಂಧ ಕಟ್ಟಿ ಪ್ರಕರಣವನ್ನು ಬಿಡಿಸುವ ವ್ಯವಸ್ಥೆಯಿರುವುದರಿಂದ ಎಲ್ಲಿಯವರೆಗೆ ಬಂದಿದ್ದೇವೆ ಎಂಬುದು ಮರೆತುಹೋಗುವ ಭಯವಿಲ್ಲ. ಹಾಗಾಗಿ ಸಾಗಾಳ ಭಾಗಗಳಷ್ಟೇ ಇದ್ದಿದ್ದರೆ ನೇರವಾಗಿ ಎರಡನೆಯದನ್ನು ಆಡಿ ಎಂದು ನಾನೂ ಹೇಳುತ್ತಿದ್ದೆ. ಉಳಿದರ್ಧ ಆಲನ್‌ನದು. ಅವನು ಯಾರು, ಯಾರಿಗಾಗಿ ಅಲ್ಲಿ ಉಳಿದ, ಏನನ್ನು ಕಳೆದುಕೊಂಡ ಎಂಬುದನ್ನು ಕಣ್ಣಾರೆ ಕಂಡವರಿಗೆ ಮಾತ್ರ ಆ ಅರ್ಧದ ಭಾರ ತಾಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೊದಲ ಆಟದ ಆರಂಭದಲ್ಲಿ ಆಲನ್ ಹೆಂಡತಿ ಆ್ಯಲಿಸ್‌ಳೊಂದಿಗೆ ರಜೆಗೆಂದು ಬ್ರೈಟ್ ಫಾಲ್ಸ್‌ಗೆ ಬಂದು, ಬಾಡಿಗೆ ಮನೆಯ ಬೀಗದ ಕೈ ತರಲು ಓ ಡಿಯರ್ ಎಂಬ ಹೋಟೆಲಿನೊಳಗೆ ಹೋಗುತ್ತಾನೆ. ಒಳಗೆ ಅವನದೇ ಆಳೆತ್ತರದ ರಟ್ಟಿನ ಚಿತ್ರ ನಿಂತಿದೆ. ಅವನ ಪುಸ್ತಕಗಳೆಂದರೆ ಪ್ರಾಣ ಬಿಡುವ ರೋಸ್ ಎಂಬ ಪರಿಚಾರಿಕೆ ಅವನನ್ನು ಕಂಡು ಸಂಭ್ರಮಿಸುತ್ತಾಳೆ. ಒಂದು ಕಡೆ ಆ್ಯಂಡರ್ಸನ್ ಸಹೋದರರೆಂಬ ಇಬ್ಬರು ಮುದುಕರು ಕೂತಿದ್ದಾರೆ. ಒಳಗಿನ ಓಣಿಯಲ್ಲಿ ದೀಪವಿಲ್ಲ. ಹಗಲಿನಲ್ಲೂ ಕೈಯಲ್ಲಿ ಲಾಟೀನು ಹಿಡಿದು ತಿರುಗುವ ಸಿಂಥಿಯಾ ವೀವರ್ ಎಂಬ ವೃದ್ಧೆ, ಕತ್ತಲೆಯಲ್ಲಿ ಆ ಕಡೆ ಹೋಗಬೇಡ ಎಂದು ಅವನನ್ನು ಎಚ್ಚರಿಸುತ್ತಾಳೆ. ಅವನು ಕೇಳುವುದಿಲ್ಲ. ಅಲ್ಲಿ ಕಪ್ಪು ಉಡುಪಿನ, ಮುಖಕ್ಕೆ ಕಪ್ಪು ಪರದೆ ಹಾಕಿಕೊಂಡ ಹೆಂಗಸೊಬ್ಬಳು ಬೀಗದ ಕೈ ಕೊಡುತ್ತಾಳೆ, ಅಲ್ಲಿಂದ ಎಲ್ಲವೂ ಹಾದಿ ತಪ್ಪುತ್ತದೆ. ಐದು ನಿಮಿಷಗಳ ಈ ದೃಶ್ಯದಲ್ಲಿ ಒಂದು ಗುಂಡೂ ಹಾರುವುದಿಲ್ಲ. ಆದರೆ ಎರಡನೆಯ ಆಟದಲ್ಲಿ ಸಾಗಾ ಅದೇ ಹೋಟೆಲಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ, ವಯಸ್ಸಾದ ರೋಸ್ ಇನ್ನೂ ಅಲ್ಲಿಯೇ ಕೆಲಸ ಮಾಡುತ್ತಿರುವುದನ್ನು ಕಂಡಾಗ, ಊರಿನ ಬೇರೆ ಬೇರೆ ಕಡೆ ಅವಳು ಆಲನ್‌ಗಾಗಿ ಇಟ್ಟುಹೋದ ತಿಂಡಿ ಡಬ್ಬಿಗಳು ಅವಳ ಚೀಟಿಗಳ ಸಮೇತ ಸಿಗತೊಡಗಿದಾಗ, ಹಳೆಯದನ್ನು ಆಡಿದವನ ಎದೆಯಲ್ಲಿ ಆಗುವ ಕಲಕು ಹೊಸಬನಿಗೆ ಆಗಲು ಸಾಧ್ಯವೇ ಇಲ್ಲ. ಹೊಸಬನಿಗೆ ಆ ಡಬ್ಬಿಗಳು ಹುಡುಕಿ ತೆರೆಯಬೇಕಾದ ವಸ್ತುಗಳಷ್ಟೇ. ಲಾಟೀನಿನ ವೃದ್ಧೆಗೆ ಮುಂದೆ ಏನಾಗುತ್ತದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅವಳನ್ನು ಮೊದಲೇ ಬಲ್ಲವರಿಗೆ ಎರಡನೆಯ ಆಟದಲ್ಲಿ ಅತ್ಯಂತ ನೋವು ಕೊಡುವ ಭಾಗಗಳಲ್ಲಿ ಅದೂ ಒಂದು.

ಎರಡನೆಯ ಆಟ ತೆರೆದುಕೊಳ್ಳುವ ರೀತಿಯೂ ಹೀಗೆಯೇ. ಬೆತ್ತಲೆ ಮನುಷ್ಯನೊಬ್ಬ ರಾತ್ರಿ ಕಾಡಿನಲ್ಲಿ ದಿಕ್ಕೆಟ್ಟು ಓಡುತ್ತಾನೆ, ಜಿಂಕೆಯ ಮುಖವಾಡ ತೊಟ್ಟವರ ಕೈಗೆ ಸಿಕ್ಕು ಸಾಯುತ್ತಾನೆ. ಹೊಸಬರಿಗೆ ಅವನು ಯಾರೋ ಅಪರಿಚಿತ, ಹಳಬರಿಗೆ ಗುರುತಿನ ಮುಖ. ಗುರುತಿದ್ದಾಗ ಮೊದಲ ಕ್ಷಣದಿಂದಲೇ ಪ್ರಶ್ನೆಗಳು ಹುಟ್ಟುತ್ತವೆ, ಹೆದರಿಕೆಯೂ ಬೇಗ ಹತ್ತಿಕೊಳ್ಳುತ್ತದೆ.

ಕಥಾಸಾರಾಂಶದ ವಿಡಿಯೊ ನೋಡಿದರೆ ಸಾಲದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ನಮ್ಮ ಯಕ್ಷಗಾನದ ಬಯಲಾಟಕ್ಕೆ ನಡುರಾತ್ರಿ ಹೋಗಿ ಕುಳಿತವನಿಗೂ ಆಟ ರುಚಿಸುತ್ತದೆ, ಏಕೆಂದರೆ ಪ್ರಸಂಗದ ಕಥೆ ಅವನ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ್ದು, ರಂಗಸ್ಥಳಕ್ಕೆ ಬರುವ ವೇಷವನ್ನು ನೋಡಿದ ಕೂಡಲೇ ಅವನ ಮನಸ್ಸು ಹಿಂದಿನದನ್ನೆಲ್ಲ ತಾನೇ ಜೋಡಿಸಿಕೊಳ್ಳುತ್ತದೆ. ಆಲನ್ ವೇಕ್‌ನ ಕಥೆ ನಮ್ಮಲ್ಲಿ ಯಾರೂ ಹಾಗೆ ಕೇಳಿ ಬೆಳೆದದ್ದಲ್ಲ. ಇಪ್ಪತ್ತು ನಿಮಿಷಗಳ ವಿಡಿಯೊದಿಂದ ಹೆಸರುಗಳು ಬಾಯಿಪಾಠವಾಗಬಹುದು. ಆ ಊರಿನ ದಾರಿಗಳಲ್ಲಿ ಟಾರ್ಚ್ ಹಿಡಿದು ಓಡಿದ ನೆನಪು ಬರಲಾರದು. ಒಂದು ಸಣ್ಣ ವಸ್ತುವಿನ ಸಂಗತಿ ಹೇಳುತ್ತೇನೆ. ಬಾಲ್ಯದಲ್ಲಿ ಕತ್ತಲೆಗೆ ಹೆದರುತ್ತಿದ್ದ ಆಲನ್‌ಗೆ ಅವನ ತಾಯಿ ತಂತಿ ಕತ್ತರಿಸಿದ ಹಳೆಯ ಲೈಟ್ ಸ್ವಿಚ್ ಒಂದನ್ನು ಕೊಟ್ಟು, ಇದನ್ನು ಒತ್ತಿದರೆ ಭೂತಗಳು ಓಡಿಹೋಗುತ್ತವೆ ಎಂದು ಸಮಾಧಾನ ಹೇಳಿದ್ದಳು. ಮುಂದೆ ಅವನು ಅದನ್ನು ಕತ್ತಲೆಯೆಂದರೆ ನಡುಗುವ ಆ್ಯಲಿಸ್‌ಗೆ ಕೊಡುತ್ತಾನೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಆ ಸ್ವಿಚ್ ಎರಡೂ ಆಟಗಳ ಕಥೆಯಲ್ಲಿ ಎಷ್ಟು ದೊಡ್ಡ ಜಾಗ ಹಿಡಿದಿದೆಯೆಂದರೆ, ಮೊದಲ ಆಟದ ಗಂಟೆಗಳನ್ನು ಕಳೆಯದೆ ಎರಡನೆಯದರಲ್ಲಿ ಅದನ್ನು ನೋಡುವುದು ನಿಜಕ್ಕೂ ನಷ್ಟ.

ಹಳೆಯ ಆಟದ ಕುಂದುಗಳನ್ನು ಮುಚ್ಚಿಡಬಾರದು. ಹೊಡೆದಾಟದ ಕ್ರಮ ಒಂದೇ: ಕತ್ತಲೆಯ ಕವಚ ಹೊತ್ತು ಬರುವ ಶತ್ರುವಿನ ಮೇಲೆ ಟಾರ್ಚ್ ಬೆಳಕು ಹಾಯಿಸಿ ಕವಚವನ್ನು ಸುಟ್ಟು, ಆಮೇಲೆ ಗುಂಡು ಹೊಡೆಯಬೇಕು. ಮೊದಲ ಎರಡು ಅಧ್ಯಾಯಗಳಲ್ಲಿ ಇದು ರೋಮಾಂಚನ ಹುಟ್ಟಿಸುತ್ತದೆ, ಫ್ಲೇರ್ ಎಂಬ ಪ್ರಖರವಾಗಿ ಉರಿಯುವ ಬೆಳಕಿನ ಕಡ್ಡಿ ಹಚ್ಚಿದಾಗ ಸುತ್ತಲಿನವರೆಲ್ಲ ಹಿಮ್ಮೆಟ್ಟುವ ನೋಟ ಇವತ್ತಿಗೂ ಸೊಗಸು. ನಾಲ್ಕನೆಯ ಅಧ್ಯಾಯದ ಹೊತ್ತಿಗೆ ಅದೇ ಕಾಡು, ಅದೇ ರಾತ್ರಿ, ಅದೇ ಕೊಡಲಿ ಹಿಡಿದವರು ಎನಿಸಿ ಬೇಸರ ಬರುವುದು ಸಹಜ. ಕಷ್ಟಪಟ್ಟು ಕೂಡಿಸಿದ ಬಂದೂಕುಗಳನ್ನು ಕಥೆಯ ನೆಪದಲ್ಲಿ ಮತ್ತೆ ಮತ್ತೆ ಕಿತ್ತುಕೊಳ್ಳುವುದು ಇನ್ನೊಂದು ಕಿರಿಕಿರಿ. ಮಾತಾಡುವಾಗ ಮುಖಗಳು ಸೆಟೆದುಕೊಂಡಂತೆ ಕಾಣುತ್ತವೆ. ಮುಖ್ಯವಾಗಿ, ಹಾರರ್ ಎಂದು ನಿರೀಕ್ಷಿಸಿ ಕುಳಿತವರಿಗೆ ಮೊದಲ ಆಟ ಅಷ್ಟೇನೂ ಹೆದರಿಕೆ ಹುಟ್ಟಿಸುವುದಿಲ್ಲ. ಅದು ಹಾರರ್ ಛಾಯೆಯ ಆ್ಯಕ್ಷನ್ ಥ್ರಿಲ್ಲರ್. ಅಮೆರಿಕದ ವರ್ಗೀಕರಣದಲ್ಲಿ ಅದಕ್ಕೆ ಸಿಕ್ಕಿರುವುದು ಹದಿಹರೆಯದವರಿಗೆ ಸಲ್ಲುವ ದರ್ಜೆ, ಎರಡನೆಯದಕ್ಕೆ ಸಿಕ್ಕಿರುವುದು ಪ್ರಬುದ್ಧರ ದರ್ಜೆ. ಎರಡನೆಯದರಲ್ಲಿ ಗುಂಡು ಕಡಿಮೆ, ಶತ್ರುಗಳು ಕಡಿಮೆ, ಆದರೆ ಒಬ್ಬೊಬ್ಬನೂ ಭಾರಿ. ರಕ್ತ ಹೆಚ್ಚು, ಕಿರುಚುವ ಮುಖಗಳು ತೆರೆಯ ತುಂಬ ಥಟ್ಟನೆ ಮಿಂಚಿ ಮಾಯವಾಗುತ್ತವೆ. ಈ ಮಿಂಚುಗಳ ತೀವ್ರತೆಯನ್ನು ತಗ್ಗಿಸುವ ಆಯ್ಕೆ ನಂತರದ ಅಪ್‌ಡೇಟ್‌ನಲ್ಲಿ ಬಂದಿದೆ. ಮನೆಯಲ್ಲಿ ಚಿಕ್ಕ ಮಕ್ಕಳು ಜೊತೆಗೆ ಕೂತು ನೋಡುವವರಿದ್ದರೆ ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಕುಂದುಗಳ ನಡುವೆಯೂ ಮೊದಲ ಆಟವನ್ನು ಎತ್ತಿ ಹಿಡಿಯುವುದು ಅದರ ಹಸ್ತಪ್ರತಿಯ ಹಾಳೆಗಳು. ಆಲನ್ ಬರೆದ, ಆದರೆ ಬರೆದ ನೆನಪಿಲ್ಲದ ಕಾದಂಬರಿಯ ಪುಟಗಳು ಕಾಡಿನಲ್ಲಿ ಅಲ್ಲಲ್ಲಿ ಬಿದ್ದಿರುತ್ತವೆ, ಅವುಗಳಲ್ಲಿ ಬರೆದದ್ದು ಸ್ವಲ್ಪ ಹೊತ್ತಿಗೆ ನಿಜವಾಗಿ ನಡೆಯುತ್ತದೆ. ಯಂತ್ರದ ಗರಗಸ ಹಿಡಿದವನೊಬ್ಬ ಬರುತ್ತಾನೆಂದು ಪುಟದಲ್ಲಿ ಓದಿಯಾದ ಮೇಲೆ ಮರಗಳ ನಡುವೆ ಆ ಸದ್ದಿಗಾಗಿ ಕಿವಿಗೊಟ್ಟು ನಡೆಯುವುದಿದೆಯಲ್ಲ, ಅದರ ಹೆದರಿಕೆಯೇ ಬೇರೆ. ಇದೇ ಉಪಾಯವನ್ನು ಎರಡನೆಯ ಆಟ ಬಹಳ ದೂರಕ್ಕೆ ಒಯ್ದಿದೆ. ಅಲ್ಲಿ ಆಲನ್ ತನ್ನ ಬರವಣಿಗೆಯ ಕೋಣೆಯಲ್ಲಿ ಕಥೆಯ ಒಂದು ಅಂಶವನ್ನು ಬದಲಿಸಿದರೆ ಎದುರಿನ ಸ್ಥಳವೇ ಬದಲಾಗುತ್ತದೆ. ಬೇರು ನೋಡಿದವರಿಗೆ ಆ ಕೊಂಬೆಯ ಹರವು ಚೆನ್ನಾಗಿ ತಿಳಿಯುತ್ತದೆ.

ಇನ್ನು ಯಾವ ಆವೃತ್ತಿ ಎಂಬ ಪ್ರಶ್ನೆ. 2021ರ ಅಕ್ಟೋಬರ್‌ನಲ್ಲಿ ಬಂದ ಆಲನ್ ವೇಕ್ ರೀಮಾಸ್ಟರ್ಡ್ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ ಲಭ್ಯ. ಪಿಸಿಯಲ್ಲಿ ಅದು ಎಪಿಕ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಸಿಗುತ್ತದೆ. ಮುಖಗಳು, ಮರಗಳು, ನೆರಳು ಚೆನ್ನಾಗಿ ತಿದ್ದುಗೊಂಡಿವೆ. ಮೂಲದಲ್ಲಿ ಕಣ್ಣಿಗೆ ರಾಚುತ್ತಿದ್ದ ಬ್ಯಾಟರಿ ಕಂಪನಿಯ ಜಾಹೀರಾತು ತೆಗೆಯಲಾಗಿದೆ. ಕನ್ಸೋಲ್‌ಗಳಿಗೆ ಡಿಸ್ಕ್ ಕೂಡ ಬಂದಿರುವುದರಿಂದ ಗೆಳೆಯರಲ್ಲಿದ್ದರೆ ಎರವಲು ತಂದು ಆಡಬಹುದು. ಗ್ರಾಫಿಕ್ಸ್ ಕಾರ್ಡ್ ಬಲವಿಲ್ಲದ ಲ್ಯಾಪ್‌ಟಾಪ್ ಇರುವವರಿಗೆ ಸ್ಟೀಮ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿರುವ 2012ರ ಆವೃತ್ತಿಯೇ ಸಾಕು. ಕಥೆಯಲ್ಲಿ ಏನೂ ಕೊರತೆಯಿಲ್ಲ. ಎರಡನೆಯದರ ವಿಷಯದಲ್ಲಿ ಮಾತ್ರ ಅಂಥ ರಿಯಾಯಿತಿ ಇಲ್ಲ. ಬಿಡುಗಡೆಯ ಸಮಯದಲ್ಲಿ ಅದು ಕೇಳಿದ ಕನಿಷ್ಠ ಸೌಕರ್ಯವೇ ಆರ್‌ಟಿಎಕ್ಸ್ 2060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿಯಲ್ಲಿ 90 ಜಿಬಿ ಜಾಗ. ಹಾಸ್ಟೆಲಿನ ಇಂಟರ್‌ನೆಟ್ ನೆಚ್ಚಿಕೊಂಡಿರುವವರು ಅದನ್ನು ಡೌನ್‌ಲೋಡ್‌ಗೆ ಹಾಕಿ, ಅದು ಇಳಿಯುವ ಹೊತ್ತಿಗೆ ಮೊದಲನೆಯದನ್ನು ಆಡಿಕೊಂಡಿರಬಹುದು.

ಆಡುವ ಕ್ರಮದ ಬಗ್ಗೆ ಎರಡು ಮಾತು. ಮೊದಲ ಆಟವನ್ನು ನಾರ್ಮಲ್ ಮಟ್ಟದಲ್ಲಿಯೇ ಆಡಬೇಕು; ಅತಿ ಕಷ್ಟದ ಮಟ್ಟದಲ್ಲಿ ಮಾತ್ರ ಸಿಗುವ ಕೆಲವು ಹಾಳೆಗಳಿದ್ದರೂ ಅವುಗಳಿಗಾಗಿ ಎರಡನೆಯ ಸಲ ಆಡಬೇಕಾಗಿಲ್ಲ. ಕಾಡಿನಲ್ಲಿ ಅಡಗಿಸಿಟ್ಟ ನೂರು ಕಾಫಿ ಫ್ಲಾಸ್ಕ್‌ಗಳನ್ನು ಹುಡುಕುತ್ತ ಹೋದರೆ ಕಥೆಯ ಓಟವೇ ಕೆಡುತ್ತದೆ, ಅವುಗಳನ್ನು ಧಾರಾಳವಾಗಿ ಬಿಟ್ಟುಬಿಡಿ. ಎರಡನೆಯ ಆಟದಲ್ಲಿ ಅದೇ ಫ್ಲಾಸ್ಕ್ ಆಟವನ್ನು ಸೇವ್ ಮಾಡುವ ಸಾಧನವಾಗಿದೆ, ಅಲ್ಲಿ ಕಂಡಲ್ಲೆಲ್ಲ ಬಳಸಿ. ಮಳೆಗಾಲದ ರಾತ್ರಿಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ನಮ್ಮೂರಿನಲ್ಲಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಆಡುವವರಿಗೆ ಈ ಮಾತು ಮುಖ್ಯ. ಹೆಡ್‌ಫೋನ್ ಎರಡಕ್ಕೂ ಬೇಕೇ ಬೇಕು. ಕತ್ತಲೆ ಹತ್ತಿರ ಬರುವುದು ಗಾಳಿಯ ಮೊರೆತದಿಂದ, ಪಿಸುಮಾತಿನಿಂದ ತಿಳಿಯುತ್ತದೆ. ತಗಡಿನ ಚಾವಣಿಯ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಲ್ಯಾಪ್‌ಟಾಪಿನ ಸ್ಪೀಕರ್‌ನಿಂದ ಅದು ಒಂದಿಷ್ಟೂ ಕೇಳಿಸುವುದಿಲ್ಲ.

ಆರು ಅಧ್ಯಾಯಗಳು ಮುಗಿದ ಕೂಡಲೇ ನಿಲ್ಲಿಸಬಾರದು. ದಿ ಸಿಗ್ನಲ್ ಮತ್ತು ದಿ ರೈಟರ್ ಎಂಬ ಎರಡು ವಿಶೇಷ ಅಧ್ಯಾಯಗಳು ರೀಮಾಸ್ಟರ್ಡ್ ಆವೃತ್ತಿಯೊಂದಿಗೇ ಬರುತ್ತವೆ, ಅವುಗಳನ್ನು ಆಡಲೇಬೇಕು ಎಂದು ಒತ್ತಿ ಹೇಳುತ್ತೇನೆ. ಇಲ್ಲಿ ಗಾಳಿಯಲ್ಲಿ ತೇಲುವ ಪದಗಳ ಮೇಲೆ ಟಾರ್ಚ್ ಹಾಯಿಸಿದರೆ ಆ ಪದ ಹೇಳುವ ವಸ್ತುವೇ ಎದುರಿಗೆ ಮೂಡುತ್ತದೆ. ಆಲನ್‌ನ ಮನಸ್ಸು ತನ್ನ ವಿರುದ್ಧ ತಾನೇ ತಿರುಗಿ ನಿಲ್ಲುವುದೂ ಇಲ್ಲಿಯೇ. ಎರಡನೆಯ ಆಟದ ಆಲನ್ ಯಾಕೆ ಅಷ್ಟು ಹಣ್ಣಾಗಿದ್ದಾನೆ, ತನ್ನನ್ನೇ ಯಾಕೆ ನಂಬುವುದಿಲ್ಲ ಎಂಬುದಕ್ಕೆ ಈ ಎರಡು ಅಧ್ಯಾಯಗಳಿಗಿಂತ ಒಳ್ಳೆಯ ಪೀಠಿಕೆ ಇನ್ನೊಂದಿಲ್ಲ.

2012ರಲ್ಲಿ ಬಂದ ಆಲನ್ ವೇಕ್ಸ್ ಅಮೆರಿಕನ್ ನೈಟ್‌ಮೇರ್ ಹಗುರವಾದ ಆಟ. ಮಿಸ್ಟರ್ ಸ್ಕ್ರ್ಯಾಚ್ ಎಂಬ ಆಲನ್‌ನ ಪ್ರತಿರೂಪದ ಬಗ್ಗೆ ತೀರಾ ಕುತೂಹಲವಿದ್ದವರು ಆಡಲಿ, ಉಳಿದವರು ಬಿಡಬಹುದು. 2019ರ ಕಂಟ್ರೋಲ್ ವಿಷಯ ಬೇರೆ. ಅದು ರೆಮಿಡಿಯ ಉತ್ತಮ ಆಟಗಳಲ್ಲಿ ಒಂದು, ಅದರಲ್ಲಿ ಬರುವ ಸರ್ಕಾರಿ ಗುಪ್ತ ಇಲಾಖೆಯ ಅಧಿಕಾರಿಗಳು ಆಲನ್ ವೇಕ್ 2ರಲ್ಲಿಯೂ ಕಾಣಿಸಿಕೊಳ್ಳುತ್ತಾರೆ, ಆ ಆಟಕ್ಕೆ 2020ರಲ್ಲಿ ಸೇರಿಸಿದ ಎಡಬ್ಲ್ಯುಇ ಎಂಬ ವಿಸ್ತರಣೆಯಂತೂ ನೇರವಾಗಿ ಬ್ರೈಟ್ ಫಾಲ್ಸ್ ಪ್ರಕರಣಕ್ಕೇ ಸೇರಿದ್ದು. ಹಾಗಿದ್ದರೂ ಎರಡನೆಯ ಆಟದ ಮುಖ್ಯ ಕಥೆಗೆ ಅದು ಅನಿವಾರ್ಯವಲ್ಲ. ಮೊದಲನೆಯದನ್ನು ಮುಗಿಸಿದ ಬಿಸಿಯಲ್ಲಿಯೇ ಆಲನ್ ವೇಕ್ 2 ಆಡಿ, ಆಮೇಲೆ ಕಂಟ್ರೋಲ್ ಆಡಿ, ಅದು ಮುಗಿದ ಮೇಲೆ ಆಲನ್ ವೇಕ್ 2ಕ್ಕೆ 2024ರ ಅಕ್ಟೋಬರ್‌ನಲ್ಲಿ ಬಂದ ದಿ ಲೇಕ್ ಹೌಸ್ ವಿಸ್ತರಣೆಗೆ ಹೋಗುವುದು ಒಳ್ಳೆಯದು. ಆ ವಿಸ್ತರಣೆಯ ಇಡೀ ಕಥೆ ಅದೇ ಇಲಾಖೆಯ ಸಂಶೋಧನಾ ಕೇಂದ್ರದೊಳಗೆ ನಡೆಯುವುದರಿಂದ, ಕಂಟ್ರೋಲ್ ಆಡಿರುವುದು ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿಯೇ.