ಶಾಲಾ ಫೀಸಿನ ‘ಬಡ್ಡಿರಹಿತ’ ಕಂತು: ಯಾವ ಮನೆಗೆ ಅನುಕೂಲ, ಯಾವ ಮನೆಗೆ ಹೊರೆ

ಖಾಸಗಿ ಶಾಲೆಯ ಫೀಸನ್ನು ಒಂದೇ ಸಲ ಕಟ್ಟಲಾಗದ ಪೋಷಕರಿಗೆ ಈಗ ಎಷ್ಟೋ ಕಡೆ ಶಾಲೆಯ ಆಫೀಸಿನಲ್ಲೇ ಒಂದು ದಾರಿ ತೋರಿಸುತ್ತಾರೆ. ಹಣಕಾಸು ಕಂಪನಿಯೊಂದು ಇಡೀ ವರ್ಷದ ಫೀಸನ್ನು ಶಾಲೆಗೆ ಕಟ್ಟಿಬಿಡುತ್ತದೆ. ಪೋಷಕರು ಅದನ್ನು ತಿಂಗಳ ಕಂತಿನಲ್ಲಿ ಕಂಪನಿಗೆ ತೀರಿಸಬೇಕು. ಬಡ್ಡಿ ಇಲ್ಲ ಎಂದು ಅರ್ಜಿಯ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಸಾಧಾರಣ ಆದಾಯದ ಮನೆಯವರು ಇದನ್ನು ನಂಬಿಕೊಂಡು ಮಗುವನ್ನು ಖಾಸಗಿ ಶಾಲೆಗೆ ಸೇರಿಸಬಹುದೇ? ವರ್ಷದ ಲೆಕ್ಕದಲ್ಲಿ ಫೀಸು ಆದಾಯಕ್ಕೆ ಹೊಂದುತ್ತದೆ, ಆದರೆ ಅಷ್ಟೂ ಹಣ ಒಂದೇ ತಿಂಗಳಲ್ಲಿ ಕೈಯಲ್ಲಿರುವುದಿಲ್ಲ ಎನ್ನುವ ಮನೆಗೆ ಈ ಸೇವೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಫೀಸೇ ಆದಾಯಕ್ಕೆ ಮೀರಿದ್ದರೆ ಕಂತಿನಿಂದ ಏನೂ ಬಗೆಹರಿಯುವುದಿಲ್ಲ, ಕಷ್ಟ ಗೊತ್ತಾಗುವುದು ಸ್ವಲ್ಪ ತಡವಾಗುತ್ತದೆ ಅಷ್ಟೆ.

ಮೊದಲು ಆ ‘ಬಡ್ಡಿ ಇಲ್ಲ’ ಎಂಬ ಮಾತನ್ನೇ ನೋಡೋಣ. ವರ್ಷದ ಫೀಸು 1,20,000 ಎಂದಿಟ್ಟುಕೊಳ್ಳಿ. ನಾಣ್ಯ ಯಾವುದಾದರೂ ಲೆಕ್ಕ ಒಂದೇ. 12 ಕಂತಾದರೆ ತಿಂಗಳಿಗೆ 10,000, ಒಟ್ಟು ಅದೇ 1,20,000. ಕಾಗದದ ಮೇಲೆ ಬಡ್ಡಿ ಸೊನ್ನೆ. ಆದರೆ ಅದೇ ಶಾಲೆ, ಪೂರ್ತಿ ಫೀಸನ್ನು ಮುಂಚಿತವಾಗಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಕೊಡುತ್ತಿದ್ದರೆ ಫೀಸಿನ ನಿಜವಾದ ನಗದು ಬೆಲೆ 1,14,000. ಕಂತಿಗೆ ಹೋದವರು ಆ 6,000 ಬಿಟ್ಟುಕೊಟ್ಟರು. 1,14,000 ಸಾಲಕ್ಕೆ ತಿಂಗಳಿಗೆ 10,000ದಂತೆ 12 ಕಂತು ಕಟ್ಟಿದರೆ ವಾರ್ಷಿಕ ಬಡ್ಡಿ ಸುಮಾರು ಶೇ 9.6 ಬೀಳುತ್ತದೆ. ಮೊದಲ ಕಂತನ್ನು ಸಹಿ ಮಾಡಿದ ದಿನವೇ ತೆಗೆದುಕೊಂಡರೆ ಅದು ಶೇ 11 ದಾಟುತ್ತದೆ. ಇದರ ಮೇಲೆ ಶೇ 2 ಪ್ರೊಸೆಸಿಂಗ್ ಚಾರ್ಜು, ಅಂದರೆ 2,400 ಮೊದಲೇ ಕಟ್ಟಿಸಿಕೊಂಡರಂತೂ, ಕಂತು ಮುಂದಿನ ತಿಂಗಳಿನಿಂದ ಶುರುವಾದರೂ ಶೇ 13.6ರ ಹತ್ತಿರ ಬರುತ್ತದೆ. ರಿಯಾಯಿತಿಯೂ ಇಲ್ಲ, ಪ್ರೊಸೆಸಿಂಗ್ ಚಾರ್ಜೂ ಇಲ್ಲ ಎಂದಾಗ ಮಾತ್ರ ಅದು ಬಡ್ಡಿಯಿಲ್ಲದ ಸಾಲ. ಹಾಗಿದ್ದರೆ ಬಡ್ಡಿಯ ಮಟ್ಟಿಗೆ ಚಿಂತೆಯಿಲ್ಲ.

ಬಡ್ಡಿ ಉಂಟು ಎಂದು ಬಾಯಿಬಿಟ್ಟು ಹೇಳುವ ಯೋಜನೆಗಳಲ್ಲಿ ಇನ್ನೊಂದು ತೊಡಕು. ‘ಫ್ಲಾಟ್ ಶೇ 10’ ಎಂದರೆ ಕಡಿಮೆ ಎನಿಸುತ್ತದೆ. 1,20,000ಕ್ಕೆ 12,000 ಬಡ್ಡಿ ಸೇರಿಸಿ 12ರಿಂದ ಭಾಗಿಸಿದರೆ ಕಂತು 11,000. ಅಸಲು ತಿಂಗಳು ತಿಂಗಳಿಗೆ ಕರಗುತ್ತಾ ಬಂದರೂ ಬಡ್ಡಿಯನ್ನು ಮಾತ್ರ ಮೊದಲ ದಿನದ ಪೂರ್ತಿ ಮೊತ್ತದ ಮೇಲೇ ಹಾಕಿರುತ್ತಾರೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಶೇ 18. ಆದ್ದರಿಂದ ಬಡ್ಡಿದರ ಎಷ್ಟು ಎಂದು ಮಾತ್ರ ಕೇಳಿದರೆ ಸಾಲದು. ಇವತ್ತು ನಗದಾಗಿ ಕಟ್ಟಿದರೆ ಎಷ್ಟು, ಕಂತು ಮುಗಿಯುವ ಹೊತ್ತಿಗೆ ಕೈಯಿಂದ ಹೋಗಿರುವುದು ಒಟ್ಟು ಎಷ್ಟು, ಈ ಎರಡು ಅಂಕಿಗಳನ್ನು ಬರೆಸಿಕೊಳ್ಳಿ.

ಅವಧಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಂತು ಚಿಕ್ಕದಾಗಲಿ ಎಂದು 12 ತಿಂಗಳು ಆರಿಸಿಕೊಳ್ಳುವುದು ಸಹಜ. ಆದರೆ ಅರ್ಜಿ ಮಂಜೂರಾಗಿ ಮೊದಲ ಕಂತು ಕಡಿತವಾಗುವಷ್ಟರಲ್ಲಿ ಶಾಲೆ ಶುರುವಾಗಿ ಒಂದೆರಡು ತಿಂಗಳು ಕಳೆದಿರುತ್ತದೆ. ಮುಂದಿನ ವರ್ಷದ ಫೀಸನ್ನೋ ಹೊಸ ತರಗತಿ ಶುರುವಾಗುವ ಮೊದಲೇ ಕೇಳುತ್ತಾರೆ. ಹಳೆಯ ಸಾಲದ ಕೊನೆಯ ಕಂತುಗಳು ತೀರಿರುವುದಿಲ್ಲ, ಹೊಸದರ ಮೊದಲ ಕಂತು ಬಂದು ನಿಲ್ಲುತ್ತದೆ. ಪುಸ್ತಕ, ಸಮವಸ್ತ್ರ, ಬೂಟು ಕೊಳ್ಳಬೇಕಾದ ತಿಂಗಳುಗಳೂ ಅವೇ. ಕೈ ಕಚ್ಚುವುದು ಇಲ್ಲೇ. 10 ಕಂತು ಮಾಡಿಕೊಂಡರೆ ತಿಂಗಳಿಗೆ 12,000 ಆಗುತ್ತದೆ, ನಿಜ. ಆದರೆ ಎರಡು ತಿಂಗಳು ಖಾಲಿ ಸಿಗುತ್ತವೆ. ತಿಂಗಳಿಗೆ 12,000 ಹೊರಲಾಗದು ಎನಿಸಿದರೆ ಆ ಶಾಲೆಯ ಫೀಸು ಈ ಮನೆಗೆ ಬಿಗಿಯಾಗಿದೆ ಎಂದೇ ತಿಳಿಯಬೇಕು. ಎಂಟನೇ ತರಗತಿಯಲ್ಲಿ ಮಗುವನ್ನು ಬಿಡಿಸುವ ನೋವಿಗಿಂತ ಸೇರಿಸುವ ಮೊದಲೇ ಇದು ತಿಳಿಯುವುದು ಎಷ್ಟೋ ಮೇಲು.

ಇನ್ನು ಯಾವ ಕಂತಿನ ಯೋಜನೆಯೂ ತೋರಿಸದ ಲೆಕ್ಕಕ್ಕೆ ಬರೋಣ. ಪೋಷಕರು ಸಾಮಾನ್ಯವಾಗಿ ಮೊದಲ ವರ್ಷದ ಫೀಸನ್ನು ಸಂಬಳದೊಂದಿಗೆ ತಾಳೆ ನೋಡಿ ‘ಆಗುತ್ತದೆ’ ಎಂದುಕೊಳ್ಳುತ್ತಾರೆ. ಫೀಸು ವರ್ಷಕ್ಕೆ ಶೇ 10ರಂತೆ ಏರಿದರೆ 12ನೇ ವರ್ಷದ ಫೀಸು ಮೊದಲ ವರ್ಷದ 2.85 ಪಟ್ಟು. 12 ವರ್ಷದ ಒಟ್ಟು ಫೀಸು ಮೊದಲ ವರ್ಷದ 12 ಪಟ್ಟಲ್ಲ, 21.4 ಪಟ್ಟು. ಏರಿಕೆ ಶೇ 6ರಲ್ಲೇ ನಿಂತರೂ 16.9 ಪಟ್ಟು. ಸಂಬಳವೂ ಏರುತ್ತದಲ್ಲ ಎನ್ನಬಹುದು. ಸಂಬಳ ಶೇ 6ರಂತೆ, ಫೀಸು ಶೇ 10ರಂತೆ ಏರಿದರೆ, ಇವತ್ತು ಕೈಗೆ ಬರುವ ಸಂಬಳದಲ್ಲಿ ಶೇ 10 ತಿನ್ನುವ ಫೀಸು 12ನೇ ವರ್ಷಕ್ಕೆ ಶೇ 15 ತಿನ್ನುತ್ತದೆ. ಇಬ್ಬರು ಮಕ್ಕಳಾದರೆ ಶೇ 30ರ ಆಸುಪಾಸು. ಶೇ 15ರಿಂದ ಶುರುಮಾಡಿದ ಮನೆ ಇಬ್ಬರು ಮಕ್ಕಳೊಂದಿಗೆ ಶೇ 45ರ ಹತ್ತಿರ ಹೋಗುತ್ತದೆ. ಬಾಡಿಗೆಯೋ ಮನೆಸಾಲವೋ ಇರುವ ಕುಟುಂಬ ಅಲ್ಲಿ ನಿಲ್ಲಲಾರದು. ಹೀಗಾಗಿ ಕಳೆದ ನಾಲ್ಕೈದು ವರ್ಷ ಫೀಸು ಎಷ್ಟೆಷ್ಟು ಏರಿದೆ ಎಂದು ಮೇಲಿನ ತರಗತಿಯ ಪೋಷಕರಿಂದ ಹಳೆಯ ರಸೀದಿ ಪಡೆದು ನೋಡುವುದು ಶಾಲೆಯ ಕಟ್ಟಡ ನೋಡುವುದಕ್ಕಿಂತ ಮುಖ್ಯ. ಮೇಲಿನ ತರಗತಿಗಳ ಈಗಿನ ಫೀಸೂ ಬೇಕು. ಪ್ರೌಢಶಾಲೆಗೆ ಹೋದೊಡನೆ ಪ್ರಯೋಗಾಲಯ, ಪರೀಕ್ಷೆ ಎಂದು ಫೀಸು ಒಮ್ಮೆಲೇ ಜಿಗಿಯುವ ಶಾಲೆಗಳುಂಟು.

ರಸೀದಿಯಲ್ಲಿ ಬೋಧನಾ ಫೀಸು ಒಂದು ಸಾಲು ಮಾತ್ರ. ಕಂತಿನ ಯೋಜನೆಗೆ ಬಹುಪಾಲು ಆ ಸಾಲಷ್ಟೇ ಸೇರುತ್ತದೆ. ಶಾಲಾ ವಾಹನ, ಊಟ, ಪ್ರವಾಸ, ಪರೀಕ್ಷಾ ಶುಲ್ಕ, ಚಟುವಟಿಕೆ ಶುಲ್ಕ ಎಲ್ಲವೂ ಹೊರಗೆ. ವಾಹನದ ಚಾರ್ಜನ್ನು ರಜೆಯ ತಿಂಗಳಿಗೂ ಹಾಕುತ್ತಾರೆಯೇ ಎಂದು ಕೇಳಿ. ಅಣ್ಣ ತಮ್ಮಂದಿರಿಗೆ ಕೊಡುವ ರಿಯಾಯಿತಿ ಬೋಧನಾ ಫೀಸಿಗೆ ಮಾತ್ರವೇ, ಪೂರ್ತಿ ಮೊತ್ತಕ್ಕೇ ಎಂಬುದನ್ನೂ ಕೇಳಿ. ಡೆಪಾಸಿಟ್ ವಾಪಸ್ ಬರುವುದಾದರೂ ಬಡ್ಡಿಯಿಲ್ಲದೆ ಬರುವುದೇ ಹೆಚ್ಚು. ಬಿಡುವ ಮೊದಲು ಇಂತಿಷ್ಟು ದಿನದ ನೋಟಿಸ್ ಕೊಡಬೇಕೆಂಬ ಷರತ್ತು ತಪ್ಪಿದರೆ ಅದೂ ಇಲ್ಲ.

ಈ ಸೇವೆಯಲ್ಲಿ ದೊಡ್ಡ ದೋಷ ಒಂದಿದೆ. ಸಾಲ ಇರುವುದು ಪೋಷಕರ ಮತ್ತು ಕಂಪನಿಯ ನಡುವೆ. ಮಗು ನಾಲ್ಕನೇ ತಿಂಗಳಲ್ಲಿ ಶಾಲೆ ಬಿಟ್ಟರೂ, ಶಾಲೆಯೇ ಬಾಗಿಲು ಹಾಕಿದರೂ ಕಂತು ತಾನಾಗಿ ನಿಲ್ಲುವುದಿಲ್ಲ. ವರ್ಷದ ಫೀಸು ವಾಪಸ್ ಇಲ್ಲ ಎಂಬ ನಿಯಮ ಶಾಲೆಯಲ್ಲಿದ್ದರೆ 12 ಕಂತಿನಲ್ಲಿ ಉಳಿದ 8 ಕಂತು, ಅಂದರೆ 80,000, ಓದದ ಶಾಲೆಗೆ ಕಟ್ಟಿದಂತೆ. ಊರೂರು ವರ್ಗವಾಗುವ ಕೆಲಸದವರು ಈ ಯೋಜನೆಗೆ ಕೈ ಹಾಕದಿರುವುದೇ ಒಳ್ಳೆಯದು. ಕಂತು ಕಡಿತದ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕಿನದೊಂದು ದಂಡ, ಕಂಪನಿಯದೊಂದು ದಂಡ ಎರಡೂ ಬೀಳಬಹುದು; ಸಾಲದ ದಾಖಲೆಯಲ್ಲೂ ಕಪ್ಪುಚುಕ್ಕೆ ಉಳಿಯಬಹುದು. ಸಂಬಳ 1ನೇ ತಾರೀಖು ಬರುವವರು ಕಡಿತವನ್ನು 5ಕ್ಕೆ ಇಟ್ಟುಕೊಂಡರೆ, ಒಂದೆರಡು ದಿನ ಸಂಬಳ ತಡವಾದರೂ ತೊಂದರೆಯಿಲ್ಲ.

ಇದಕ್ಕಿಂತ ಒಳ್ಳೆಯದು ಶಾಲೆ ತಾನೇ ಕೊಡುವ ಅವಧಿವಾರು ಕಂತು. 40,000ದ ಮೂರು ಕಂತು, ನಡುವೆ ಕಂಪನಿಯಿಲ್ಲ, ಸಾಲದ ಕಾಗದವಿಲ್ಲ. ನಡುವೆ ಬಿಡಬೇಕಾದರೆ ಸಾಮಾನ್ಯವಾಗಿ ಆ ಅವಧಿಯ ಹಣವಷ್ಟೇ ಹೋಗುತ್ತದೆ. ಕೇಳಿದವರಿಗೆ ಮಾತ್ರ ಇದನ್ನು ಹೇಳುವ ಶಾಲೆಗಳಿವೆ. ಆದ್ದರಿಂದ ಆಫೀಸಿನಲ್ಲಿ ಇಲ್ಲ ಎಂದರೂ ಮುಖ್ಯೋಪಾಧ್ಯಾಯರಿಗೊಂದು ಪತ್ರ ಬರೆದು ಕೇಳಬೇಕು. ಕೇಳಲು ಸಂಕೋಚಪಟ್ಟು ಸಾಲಕ್ಕೆ ಸಹಿ ಹಾಕುವ ತಂದೆತಾಯಿಯರನ್ನು ಕಂಡರೆ ಸಂಕಟವಾಗುತ್ತದೆ.

ಕಂಪನಿಯ ಕಂತನ್ನೇ ತೆಗೆದುಕೊಳ್ಳಬೇಕಾಗಿ ಬಂದರೆ ವರ್ಷ ವರ್ಷಕ್ಕೆ ಸಾಲ ಇಳಿಸಿಕೊಂಡು ಹೋಗಲು ದಾರಿಯಿದೆ. ಮೊದಲ ವರ್ಷ 10 ಕಂತು ಮುಗಿದ ಮೇಲೆ ಖಾಲಿ ಉಳಿದ ಎರಡು ತಿಂಗಳೂ 12,000ವನ್ನು ಬೇರೆ ಖಾತೆಗೆ ಹಾಕಿ. ಮುಂದಿನ ವರ್ಷ ಫೀಸು 1,32,000 ಆದರೆ ಕೈಯಲ್ಲಿರುವ 24,000 ಕಳೆದು 1,08,000ಕ್ಕೆ ಮಾತ್ರ ಸಾಲ ಮಾಡಿ. ಸಂಬಳ ಏರಿದಷ್ಟು, ಅಂದರೆ ಶೇ 6, ಕಂತನ್ನೂ ಏರಿಸಿ 12,720 ಕಟ್ಟಿದರೆ ಎಂಟೂವರೆ ಕಂತಿಗೆ ತೀರುತ್ತದೆ, ಮೂರೂವರೆ ತಿಂಗಳ ಹಣ ಉಳಿಯುತ್ತದೆ. ಹೀಗೇ ಮುಂದುವರಿದರೆ ಮೂರನೇ ವರ್ಷ ಏಳೂವರೆ ಕಂತು ಸಾಕು. ಕಂತನ್ನು ಏರಿಸದೆ 12,000ದಲ್ಲೇ ಬಿಟ್ಟರೆ ಮಾತ್ರ ಈ ಲೆಕ್ಕ ಎರಡನೇ, ಮೂರನೇ ವರ್ಷ ಒಂಬತ್ತು ಕಂತಿನ ಆಸುಪಾಸಿನಲ್ಲೇ ನಿಂತು, ನಾಲ್ಕನೇ ವರ್ಷದಿಂದ ಮತ್ತೆ ಏರುತ್ತದೆ, ಏಕೆಂದರೆ ಉಳಿಸಿದ್ದನ್ನೆಲ್ಲ ಫೀಸಿನ ಏರಿಕೆಯೇ ನುಂಗುತ್ತದೆ. ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ ಎಂಬುದನ್ನು ಒಪ್ಪಂದದಲ್ಲಿ ಓದಿ ಖಚಿತಪಡಿಸಿಕೊಂಡ ಮೇಲೆಯೇ ಸಹಿ ಹಾಕಿ.